ಕೋನಾಚಾರ್ಯರು

ಕಾರ್ಯಕ್ಕಿಂತ ಕಾರ್ಯದ ಸಿದ್ಧತೆಯಲ್ಲಿಯೇ ಬ್ರಹ್ಮಾನಂದವನ್ನು ಕಾಣುವ ಮಹನೀಯರು ಪ್ರತಿಯೊಂದು ಊರಿನಲ್ಲಿಯೂ ಒಬ್ಬರಾದರೂ ಇರತಕ್ಕದ್ದೆಂಬುದು ವಿಧಿನಿಯಮವಾಗಿರಬೇಕು. ಲಿಂಗಸುಗೂರಿನ ಪಾಲಿಗೆ ಆ ಭಾಗ್ಯವು ನಿವೃತ್ತ ಗಣಿತದ ಮಾಸ್ತರರೊಬ್ಬರ ರೂಪದಲ್ಲಿ ಒದಗಿತ್ತು. ಸಿಂಧನೂರಿನ ಗುಜರಿ ಅಂಗಡಿಯಲ್ಲಿ ತುಕ್ಕು ಹಿಡಿದು ಬಿದ್ದಿದ್ದ ಸ್ಟ್ಯಾನ್ಲಿ ನಂಬರ್ 4 ಎಂಬ ಹಳೆಯ ಕೀಸುಳಿಯೊಂದನ್ನು ಅವರು ಮನೆಗೆ ತಂದುದು, ನೀರು ಕುಡಿದು ಉಬ್ಬಿ ಚೌಕಟ್ಟಿಗೆ ಹಿಡಿಯುತ್ತಿದ್ದ ಬಚ್ಚಲುಮನೆಯ ಬಾಗಿಲನ್ನು ಸರಿಪಡಿಸುವ ಸದುದ್ದೇಶದಿಂದಲೇ. ಆದರೆ ಅಲಗನ್ನು ಮಸೆಯದೆ ಬಾಗಿಲನ್ನು ಮುಟ್ಟುವಂತಿರಲಿಲ್ಲ. ಕೋನವು ನಿಶ್ಚಯವಾಗದೆ ಅಲಗನ್ನು ಮಸೆಯುವಂತಿರಲಿಲ್ಲ.

25 ಡಿಗ್ರಿಗೆ ಮಸೆದರೆ ಅಲಗು ತೀಕ್ಷ್ಣವಾಗುವುದಾದರೂ ಕರಿಜಾಲಿಯಂಥ ಗಡುಸು ಕಟ್ಟಿಗೆಗೆ ಬಾಯಿ ಮುಕ್ಕಾಗುವುದೆಂದೂ, 35ಕ್ಕೆ ಮಸೆದರೆ ಬಾಳಿಕೆ ಬಂದರೂ ಅಲಗಿನ ಹಿಂದೆ ತೆರಪು ಸಾಲದೆ ಹೋಗುವುದೆಂದೂ ಪೂರ್ವಪಕ್ಷ ಸಿದ್ಧಾಂತಗಳನ್ನು ತಾವೇ ಹೂಡಿ, ತಾವೇ ಖಂಡಿಸಿ, ಮತಾಂತರಗೊಂಡಾಗಲೆಲ್ಲ ಸಾಣೆಕಲ್ಲಿಗೆ ಉಕ್ಕನ್ನು ಆಹುತಿ ಕೊಡುತ್ತಿದ್ದುದರಿಂದ, ಅಲಗು ದಿನೇ ದಿನೇ ಗಿಡ್ಡವಾಗತೊಡಗಿತು. ಬಾಗಿಲು ಮಾತ್ರ ಯಥಾಪ್ರಕಾರ. ಊರು ಬಿಟ್ಟು ಮಸ್ಕಿಗೆ ಹೋದಾಗಲೂ ಅವರಿಗೆ ಕೋನದ್ದೇ ಧ್ಯಾನ. ಅಲ್ಲಿ 1915ರಲ್ಲಿ ಬೀಡನ್ ಎಂಬ ಗಣಿ ಇಂಜಿನಿಯರನ ಕಣ್ಣಿಗೆ ಬಿದ್ದ ಶಾಸನದ ಮುಂದೆ ನಿಂತವರೆಲ್ಲರೂ ಅದರಲ್ಲಿ ಅಶೋಕನ ಹೆಸರೇ ಇರುವುದಕ್ಕೆ ರೋಮಾಂಚಗೊಂಡರೆ, ನಮ್ಮ ಆಚಾರ್ಯರು ಅಕ್ಷರಗಳ ತಗ್ಗನ್ನು ಓರೆಗಣ್ಣಿನಿಂದ ದಿಟ್ಟಿಸಿ, ಕೆತ್ತಿದವನು ಉಳಿಯನ್ನು ಎಷ್ಟು ಡಿಗ್ರಿಗೆ ಹಿಡಿದಿದ್ದನೆಂದು ಕಾವಲುಗಾರನನ್ನು ವಿಚಾರಿಸಿದರು.

ಅದೇ ದಿನ ಆ ಊರಿನ ವೃದ್ಧ ಬಡಿಗೇರರೊಬ್ಬರ ಅಂಗಡಿಗೂ ಅವರ ಸವಾರಿ ಚಿತ್ತೈಸಿತು. ತಿಂಥಣಿ ಮೌನೇಶ್ವರನ ಪಟದ ಕೆಳಗೆ ಕುಳಿತಿದ್ದ ಆ ವೃದ್ಧರು ಅಲಗನ್ನು ಹೊರಳಿಸಿ ನೋಡಿ, ‘ಇದರ ಇಳಿಜಾರು ಕೆಳಮಾರಿ ಆಗಿ ಕುಂದರತೈತ್ರಿ, ಮಾಸ್ತರ. ನೀವು ಹೆಂಗ ಮಸದ್ರೂ ಕಟಿಗಿಗೆ ಬಡಿಯೂದು ರಂದಾದ ವಾಟಾನ. ಅಲಗು ಎಷ್ಟು ದಪ್ಪ ಐತಿ, ಅದರ ಎರಡರಷ್ಟು ಉದ್ದ ಇಳಿಜಾರು ಬಿಡ್ರಿ, ಸಾಕು’ ಎಂದರು.

ದಪ್ಪದ ಎರಡರಷ್ಟು! ಅಂದರೆ ಸೈನ್ ಅರ್ಧ, ಕೋನ ಸಾಕ್ಷಾತ್ 30 ಡಿಗ್ರಿ! ಕೋನಮಾಪಕವನ್ನು ಮುಟ್ಟದ ಕೈಯಿಂದ ತ್ರಿಕೋನಮಿತಿಯು ಹೊರಟುದನ್ನು ಕಂಡು ಪುಳಕಿತರಾದ ಮಾಸ್ತರರು ಅಂಗಡಿಯ ಹಲಗೆಯ ಮೇಲೆಯೇ ಸೀಸದ ಕಡ್ಡಿಯಿಂದ ಆ ಪ್ರಮೇಯವನ್ನು ಸಾಧಿಸಿ ತೋರಿಸಿದರು. ಅದು ಗಿರಾಕಿಯೊಬ್ಬರ ಕಿಟಕಿಗೆಂದು ಕೀಸಿಟ್ಟಿದ್ದ ಹಲಗೆಯಾದುದರಿಂದ ವೃದ್ಧರು ಮತ್ತೊಮ್ಮೆ ಕೀಸಬೇಕಾಯಿತು.

ಮರುವಾರ ಅದೇ ಬಡಿಗೇರರನ್ನು ಕರೆಸಿದವರು ಮಾಸ್ತರರ ಧರ್ಮಪತ್ನಿ. ಚಹಾ ಕುದಿಯುವಷ್ಟರಲ್ಲಿ ಬಾಗಿಲು ಸಲೀಸಾಯಿತು. ಕೋನಾಚಾರ್ಯರು ಅತ್ತ ದೃಷ್ಟಿಯನ್ನೂ ಹಾಯಿಸಲಿಲ್ಲ. ವೃದ್ಧರೆಂದಂತೆ ಕಟ್ಟಿಗೆಗೆ ತಾಗುವುದು ಕೀಸುಳಿಯಲ್ಲಿ ಅಲಗು ಒರಗುವ ಹಾಸಿನ 45 ಡಿಗ್ರಿಯೇ ಆಗಿದ್ದಲ್ಲಿ, ಮೊದಲು ಆ 45ರ ಔಚಿತ್ಯವೇ ವಿಚಾರಾರ್ಹವೆಂದು ಅವರಿಗೆ ಹೊಳೆದಿತ್ತು. 50 ಡಿಗ್ರಿಯ ಹಾಸುಳ್ಳ ಕೀಸುಳಿಗಳೂ ಇಂಗ್ಲೆಂಡಿನಲ್ಲಿ ಇದ್ದುವಂತೆ. ಅಂಥದೊಂದು ಗುಜರಿಯಲ್ಲಿ ಸಿಕ್ಕೀತೆಂದು, ಕಂಪಾಸು ಪೆಟ್ಟಿಗೆಯನ್ನು ಬಗಲಲ್ಲಿಟ್ಟುಕೊಂಡು ಅವರು ಸಿಂಧನೂರಿನ ಬಸ್ಸನ್ನೇರಿದರು.