ಸೈಬರಣ್ಣ

ಶಿಕಾರಿಪುರ, ಶಿರಾಳಕೊಪ್ಪ, ಸೊರಬ, ಯಾವ ಬಸ್‌ಸ್ಟ್ಯಾಂಡಿನಲ್ಲಿ ಇಳಿದರೂ ಸೈಬರ್ ಅಂಗಡಿಯ ಅಣ್ಣನೊಬ್ಬ ಸಿಗುತ್ತಾನೆ. ಜೆರಾಕ್ಸ್ ಮಿಷನ್ನು, ಊರವರ ಹೆಬ್ಬೆಟ್ಟಿನ ಜಿಡ್ಡು ಮೆತ್ತಿದ ಬಯೋಮೆಟ್ರಿಕ್ ಡಬ್ಬಿ, ದಾರ ಕಟ್ಟಿದ ಪೆನ್ನು. ಪಹಣಿ, ಬೆಳೆವಿಮೆ, ಗೃಹಲಕ್ಷ್ಮಿ, ಸ್ಕಾಲರ್‌ಶಿಪ್ಪು ಎಲ್ಲ ಅವನ ಕೈಯಲ್ಲೇ. ನಮ್ಮ ಕಾಲೇಜಿನ ಹುಡುಗರ ಡಿಗ್ರಿಯೂ ಹೆಚ್ಚುಕಡಿಮೆ ಅವನದೇ.

ಹುಡುಗರು ದಡ್ಡರೇನಲ್ಲ. ಗದ್ದೆ ಬದುವಿನ ಮೇಲೆ ನಿಂತು ಎರಡೇ ನಿಮಿಷದಲ್ಲಿ ರೀಲ್ಸ್ ಕತ್ತರಿಸಿ, ಹಾಡು ಕೂಡಿಸಿ ಬಿಡುತ್ತಾರೆ. ಅದೇ ಹುಡುಗನಿಗೆ ‘ಅಸೈನ್‌ಮೆಂಟ್ ಪಿಡಿಎಫ್ ಮಾಡಿ ಮೇಲ್ ಕಳಿಸಪ್ಪಾ’ ಎಂದರೆ ‘ಸೈಬರಿಗೆ ಹೋಗ್ಬೇಕು ಸಾರ್’ ಅನ್ನುತ್ತಾನೆ. 2021ರಲ್ಲಿ ಶಿಕಾರಿಪುರದ ಶಾಸಕರೂ ಆಗಿದ್ದ ಮುಖ್ಯಮಂತ್ರಿ ಯಡಿಯೂರಪ್ಪನವರು ಕಾಲೇಜುಗಳಿಗೆ ಕರ್ನಾಟಕ ಎಲ್‌ಎಂಎಸ್ ಎಂಬ ಆನ್‌ಲೈನ್ ಪಾಠದ ವ್ಯವಸ್ಥೆ ತಂದರು. ಅದೇ ವರ್ಷ ಹೊಸ ಶಿಕ್ಷಣ ನೀತಿಯ ಜೊತೆ ‘ಡಿಜಿಟಲ್ ಫ್ಲೂಯೆನ್ಸಿ’ ಎಂಬ ಪೇಪರೂ ಬಂತು: ಕೃತಕ ಬುದ್ಧಿಮತ್ತೆ, ಬಿಗ್ ಡೇಟಾ, ಕ್ಲೌಡು. ಮೇಲಿಗೆ ಫೈಲು ಅಂಟಿಸುವುದು ಎಲ್ಲರಿಗೂ ಹುಟ್ಟಿನಿಂದಲೇ ಬಂದಿದೆ ಎಂದು ಮೇಲಿನವರ ಲೆಕ್ಕ. ಅಡ್ಮಿಷನ್ನು, ಪರೀಕ್ಷೆ ಅರ್ಜಿ ಎಲ್ಲ ಯುಯುಸಿಎಂಎಸ್ ಎಂಬ ಪೋರ್ಟಲ್‌ಗೆ ಹೋದ ಮೇಲಂತೂ ಸೈಬರಣ್ಣನಿಗೆ ಪುರುಸೊತ್ತೇ ಇಲ್ಲ.

ಇಮೇಲು ಮಾಡಿಕೊಡುವವನು ಅವನೇ. ಪಾಸ್‌ವರ್ಡು ಹುಡುಗರ ಹೆಸರು, ಮುಂದೆ ಒಂದು ಎರಡು ಮೂರು. ಓಟಿಪಿಗೆ ಅವನದೇ ನಂಬರು, ಮೇಲ್ ತೆರೆಯುವುದೂ ಅವನ ಫೋನಿನಲ್ಲೇ. ಎಲ್ಲವೂ ಒಂದು ಉದ್ದ ನೋಟ್‌ಬುಕ್ಕಿನಲ್ಲಿದೆ. ಅತಿಥಿ ಉಪನ್ಯಾಸಕನ ಅರ್ಜಿಯನ್ನು ನಾನೂ ಅವನಿಂದಲೇ ಹಾಕಿಸಿದ್ದರಿಂದ ‘ಎಕನಾಮಿಕ್ಸ್ ಸಾರ್’ ಅಂತ ಅದರಲ್ಲಿ ನನಗೂ ಒಂದು ಸಾಲು.

ಒಮ್ಮೆ ಬೆಂಬಲ ಬೆಲೆಯ ಬಗ್ಗೆ ವಿಡಿಯೋ ಪಾಠ ಹಾಕಿ, ನೋಡಿ ಮೂರು ಸಾಲು ಬರೆಯಿರಿ ಎಂದೆ. ಒಂದೇ ರಾತ್ರಿ ಇಡೀ ಕ್ಲಾಸಿನ ಉತ್ತರ ಬಂದು ಬಿತ್ತು. ಏನು ಭಾಗವಹಿಸುವಿಕೆ! ಓದಿದರೆ ಎಲ್ಲರದೂ ಅಕ್ಷರಶಃ ಒಂದೇ ಉತ್ತರ, ‘ಮಾಹಿತಿ’ಯನ್ನು ‘ಮಾಹೀತಿ’ ಎಂದು ಬರೆದ ತಪ್ಪೂ ಒಂದೇ. ಸಿಟ್ಟು ನೆತ್ತಿಗೇರಿ ‘ನಾಳೆ ಬಂದು ನನ್ನನ್ನು ಕಾಣತಕ್ಕದ್ದು’ ಅಂತ ಎಲ್ಲರಿಗೂ ಮೇಲ್ ಹಾಕಿದೆ. ಬೆಳಿಗ್ಗೆ ಸ್ಟಾಫ್ ರೂಮಿನ ಬಾಗಿಲಲ್ಲಿ ಹೆಲ್ಮೆಟ್ ಹಿಡಿದು ನಿಂತವನು ಇವನು.

‘ಬರೋಕೆ ಹೇಳಿದ್ರಲ್ಲ ಸಾರ್?’

ಬೈಯಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಅವನೇ ಕೇಳಿದ: ‘ವಿಡಿಯೋ ಪೂರ್ತಿ ನೋಡ್ದೆ ಸಾರ್. ಮೆಕ್ಕೆಜೋಳಕ್ಕೆ ಬೆಂಬಲ ಬೆಲೆ ಇದೆ ಅಂತೀರಿ. ನಮ್ಮಪ್ಪ ಮಂಡಿಗೆ ಹಾಕಿದಾಗ ಯಾಕೆ ಸಿಗಲಿಲ್ಲ?’ ನನ್ನ ಆನ್‌ಲೈನ್ ಪಾಠಕ್ಕೆ ಬಂದ ಮೊದಲ ಪ್ರಶ್ನೆ ಅದು. ಅರ್ಧ ಗಂಟೆ ಮಾತಾಡಿದೆವು. ಬೈಯುವುದು ಮರೆತೇಹೋಯಿತು.

ಓದಿನ ಬಾಗಿಲಲ್ಲಿ ಹೀಗೊಬ್ಬ ಕೂರುವುದು ಹೊಸದೇನಲ್ಲ. ಶಿರಾಳಕೊಪ್ಪದ ಪಕ್ಕದ ಬಳ್ಳಿಗಾವೆಯಲ್ಲಿ ಕೋಡಿಯ ಮಠದ 1162ರ ಶಾಸನವಿದೆ. ಅಲ್ಲಿ ವೇದ, ವ್ಯಾಕರಣ ಹೇಳಿಕೊಡುತ್ತಿದ್ದದ್ದು, ಬಂದವರಿಗೆ ಅನ್ನ, ಔಷಧ ಕೊಡುತ್ತಿದ್ದದ್ದು ಎಲ್ಲ ಬರೆದಿದೆ. ಬಾಗಿಲಲ್ಲಿ ಕೂತು ಹೆಸರು ಬರೆದುಕೊಳ್ಳುತ್ತಿದ್ದ ಅಣ್ಣನೊಬ್ಬ ಅಲ್ಲೂ ಇದ್ದಿರಲೇಬೇಕು. ಅಂಥವರು ಶಾಸನಕ್ಕೆ ಬರುವುದಿಲ್ಲ. ಚಂದ್ರಗುತ್ತಿ ಕಡೆಯ, ಮನೆಯಲ್ಲಿ ನೆಟ್‌ವರ್ಕ್ ಸಿಗದ ಹುಡುಗಿಯೊಬ್ಬಳು ಫೀಸಿನ ಕೊನೇ ದಿನ ಸಂಜೆ ಓಡಿಬಂದಾಗ ಸರ್ವರ್ ಏಳುವ ತನಕ ಶಟರ್ ಅರ್ಧ ಎತ್ತಿಟ್ಟು ಕಾದವನು ನಮ್ಮ ಸೈಬರಣ್ಣನೇ. ದುಡ್ಡೂ ತಗೊಳ್ಳಲಿಲ್ಲ. ಆದರೆ ಆ ಹುಡುಗಿಯ ಪಕ್ಕ ಹತ್ತು ನಿಮಿಷ ಕೂತು, ಪಾಸ್‌ವರ್ಡ್ ನೀನೇ ಹಾಕು, ಯಾರಿಗೂ ಹೇಳಬೇಡ ಅಂತ ನಾವ್ಯಾರೂ ಕಲಿಸಲಿಲ್ಲ.

‘ನೀನಾದರೂ ಕಲಿಸಬಾರದೇನೋ?’ ಎಂದೆ.

‘ಕಲಿಸಿದ್ರೆ ಅಂಗಡಿ ಬಾಡಿಗೆ ನೀವು ಕಟ್ತೀರಾ?’

ಪಿಯುಸಿಗೇ ಓದು ಬಿಟ್ಟವನಂತೆ. ಅಷ್ಟು ಆಸಕ್ತಿಯಿದ್ದರೆ ‘ಸ್ವಯಂ’ ಪೋರ್ಟಲ್‌ನಲ್ಲಿ ಯಾರು ಬೇಕಾದರೂ ಪುಕ್ಕಟೆ ಕೋರ್ಸು ಸೇರಬಹುದು, ನೀನೂ ಸೇರು ಎಂದೆ. ಖುಷಿಯಾದ. ಇಮೇಲ್ ಐಡಿ ಕೇಳುತ್ತೆ ಎಂದಾಗ ಮಾತ್ರ ತಲೆ ಕೆರೆದುಕೊಂಡ. ಊರಿಗೆಲ್ಲ ಮಾಡಿಕೊಟ್ಟವನು ತನಗೆಂದು ಒಂದೂ ಮಾಡಿಕೊಂಡಿಲ್ಲ.

‘ಪರವಾಗಿಲ್ಲ ಬಿಡಿ ಸಾರ್,’ ಎಂದು ನೋಟ್‌ಬುಕ್ ತಿರುವಿದ. ‘ಇವಳು ಮೇಲ್ ನೋಡೋದೇ ಇಲ್ಲ. ಇವಳದ್ದೇ ಹಾಕ್ತೀನಿ.’