ಹಿಂದಿನ ಎಡಗಾಲಿಯ ಹೇಳಿಕೆ

ಅಥಣಿಯಲ್ಲಿ ವಿಜಯಪುರ ರಸ್ತೆಯ ಒಂದು ಪಂಕ್ಚರ್ ಅಂಗಡಿ. ಜ್ಯಾಕಿನ ಮೇಲೆ ಬಿಳಿ ಕಾರು. ಅದರಿಂದ ಬಿಚ್ಚಿ ಗೋಡೆಗೆ ಒರಗಿಸಿದ ಹಿಂದಿನ ಎಡಗಡೆಯ ಟೈರೇ ಇಂದಿನ ನಮ್ಮ ಅತಿಥಿ. ಅದರ ಮೇಲಿನ ಆರೋಪ ಸಣ್ಣದಲ್ಲ. ಗಾಡಿ ಅರವತ್ತರ ವೇಗ ದಾಟಿತೆಂದರೆ ಹಿಂದೆ ಕೂತವರು ಮುಂದೆ ಕೂತವರೊಡನೆ ಮಾತಾಡಲು ಫೋನ್ ಹಚ್ಚಬೇಕಂತೆ. ಮಾಲಕರಾದ ಸಾವ್ಕಾರರು ಚಹಾಕ್ಕೆ ಹೋಗಿದ್ದರಿಂದ ಟೈರು ಮನಸ್ಸು ಬಿಚ್ಚಿ ಮಾತಾಡಿತು.

ಇಷ್ಟು ಗದ್ದಲ ಯಾಕೆ ಮಾಡುತ್ತೀರಿ?

ಜಗಳಾಡಾಕ ಇಬ್ಬರು ಬೇಕೋ ಬ್ಯಾಡೋ ಹೇಳ್ರಿ ಸಾಹೇಬ್ರ. ನಾ ಒಬ್ಬಾಂವ, ಕೆಳಗಿನ ರೋಡ್ ಇನ್ನೊಬ್ಬಾಂವ. ನನ್ನ ಮೈಮ್ಯಾಲ ಈ ರಬ್ಬರ ತುಣುಕು ಅದಾವಲ್ಲ, ಒಂದೊಂದೂ ಡಾಂಬರಿಗೆ ಹೋಗಿ ಬಡೀತೈತಿ. ಸಂದ್ಯಾಗಿನ ಹವಾ ಅಲ್ಲೇ ಸಿಕ್ಕು ಪುಸಕ್ಕಂತ ಹೊರಗ ಬೀಳತೈತಿ. ಸೆಕೆಂಡಿಗೆ ನೂರಾರು ಸಲ ಇದ ಕೆಲಸ. ಅದರ ಮ್ಯಾಲ ನನ್ನ ಹೊಟ್ಟ್ಯಾಗಿನ ಹವಾ ಬ್ಯಾರೆ. ಗುಂಡಿ ಸಿಕ್ಕಾಗೊಮ್ಮೆ ಅದು ಸುಮಾರು 200 ಹರ್ಟ್ಸ್‌ನಾಗ ಗುಂಯ್ ಅಂತೈತಿ. ಗಾಡಿ ನಲವತ್ತು ಐವತ್ತರ ವೇಗಕ್ಕ ಬರೂತನಕ ಇಂಜಿನ್ ಸಪ್ಪಳ ಜಾಸ್ತಿ, ಅಲ್ಲಿಂದ ಮುಂದ ನಂದು. ಇಂಜಿನ್ ಒದರಿದರ ‘ಪಿಕಪ್ ಐತಿ’ ಅಂತ ಮೀಸಿ ತಿರುವತಾರ. ನಾ ಒದರಿದರ ಮೆಕ್ಯಾನಿಕ್‌ನ ಕರೀತಾರ.

ನಿಮ್ಮನ್ನು ಮಾಡಿದ ಕಂಪನಿಯವರಿಗೆ ಇದು ಗೊತ್ತಿರಲಿಲ್ಲವೇ?

ಗೊತ್ತಿಲ್ಲದ ಏನ್ರಿ! ನನ್ನ ಮೈ ನೋಡ್ರಿ. ತುಣುಕು ಎಲ್ಲಾ ಒಂದ ಅಳತಿ ಅಂತ ತಿಳದೀರಿ? ಒಂದು ಸಣ್ಣದು, ಒಂದು ದೊಡ್ಡದು, ಮತ್ತೊಂದು ನಡುವಿಂದು. ಎಲ್ಲಾ ಒಂದ ಅಳತಿ ಇದ್ದರ ಬಡಿಯೂ ಲಯಾನೂ ಒಂದ ಆಗತೈತಿ, ಸೀಟಿ ಊದಿದಂಗ ಒಂದ ಸ್ವರ ಎದ್ದು ಕಿವಿ ಕೊರೀತೈತಿ. ಅದಕ್ಕ ಬೇಕಂತನ ಅಳತಿ ಕೆಡಸ್ತಾರ. ಇಲ್ಲೇ ಮಗ್ಗಲ ಮಿರಜದಾಗ ತಂಬೂರಿ ಮಾಡಾವ್ರು ಅದಾರಲ್ರಿ, ಒಂದ ಶ್ರುತಿಗೆ ನಿಲ್ಲಸಾಕ ತಿಂಗಳಾನಗಟ್ಟಲೆ ಬಡದಾಡ್ತಾರ. ನಮ್ಮ ಇಂಜಿನಿಯರ್‌ಗಳು ಅಷ್ಟ ಬಡದಾಡೂದು ಶ್ರುತಿ ತಪ್ಪಸಾಕ. ನಾ ಬೇಸೂರ ಆದಷ್ಟೂ ಅವರಿಗೆ ಬಡ್ತಿ.

ಹಾಗಾದರೆ ತಪ್ಪೆಲ್ಲ ರಸ್ತೆಯದೇ ಅನ್ನುತ್ತೀರಾ?

ಎಲ್ಲಾ ಅಲ್ರಿ, ಅರ್ಧ. ಸಣ್ಣ ಖಡಿ ಹಾಕಿ ನುಣ್ಣಗ ಮಾಡಿದ ಡಾಂಬರಿನ ಮ್ಯಾಲ ನಾ ಪಿಸುಮಾತು ಆಡತೇನಿ. ದಪ್ಪ ಖಡಿ ಮ್ಯಾಲೆದ್ದ ರೋಡ್ ಇದ್ದರ ಗುಡುಗತೇನಿ. ಕಾಂಕ್ರೀಟ್ ಹಾಕಿ ಜಾರಬಾರದಂತ ಅಡ್ಡ ಗೀರು ಎಳೆದಿರತಾರ ನೋಡ್ರಿ, ಅಲ್ಲಿ ಕುಂಯ್ ಅಂತೇನಿ. ನಮ್ಮ ಭಾಗದಾಗಿಂದು ಎರಿ ಭೂಮಿ, ಮಳಿಗೆ ಉಬ್ಬತೈತಿ, ಬ್ಯಾಸಿಗ್ಯಾಗ ಬಿರೀತೈತಿ. ಮ್ಯಾಲಿನ ರೋಡ್ ತೆರಿ ತೆರಿ ಆಗದ ಏನ್ ಮಾಡೀತು? ಅದರಾಗ ಫ್ಯಾಕ್ಟರಿ ಶುರುವಾತಂದರ ಒಂದ ಟ್ರ್ಯಾಕ್ಟರಿಗೆ ಎರಡೆರಡು ಟ್ರೇಲರ್ ಕಬ್ಬು. ಉಗಾರದ ಫ್ಯಾಕ್ಟರಿಯ ಕಂಪನಿ ಹುಟ್ಟಿದ್ದು 1939ರಾಗ. ಕೃಷ್ಣಾ, ಕೆಂಪವಾಡ, ಕೋಕಟನೂರ ಅಂತ ಆಮ್ಯಾಲ ಎಷ್ಟ್ ಬಂದುವು! ಅವು ಕಬ್ಬು ನುರಿಸ್ತಾವ, ಟ್ರೇಲರ್‌ಗಳು ರೋಡ್ ನುರಿಸ್ತಾವ.

ಇನ್ನೊಂದು ಹೇಳತೇನಿ, ಬರಕೊಳ್ರಿ. ಕಾಗವಾಡ ದಾಟಿ ಮಹಾರಾಷ್ಟ್ರದ ಮ್ಹೈಸಾಳಿನ ಕಡೆ ಹೊಂಟರ ನನ್ನ ದನಿ ಒಮ್ಮೆಲೆ ಬದಲಾಗತೈತಿ. ಜತ್ತಿನ ಕಡೆ ಹೋದರೂ ಅಷ್ಟ. ಆ ಕಡೆ ಗುತ್ತಿಗೆದಾರ ಬ್ಯಾರೆ, ಈ ಕಡೆ ಗುತ್ತಿಗೆದಾರ ಬ್ಯಾರೆ. ಗಡಿ ಎಲ್ಲಿ ಅಂತ ಹುಡುಕಾಕ 1966ರಾಗ ಮಹಾಜನ ಆಯೋಗ ಮಾಡಿದ್ರು. 2004ರಾಗ ಮಹಾರಾಷ್ಟ್ರದವ್ರು ಸುಪ್ರೀಂ ಕೋರ್ಟಿಗೂ ಹೋದ್ರು. ಜಡ್ಜ್ ಸಾಹೇಬ್ರು ಕಣ್ಣ ಮುಚಗೊಂಡು ನಮ್ಮ ಗಾಡ್ಯಾಗ ಒಂದ ಸಲ ಕುಂತಿದ್ದರ ಗಡಿ ಕಿವಿಗೇ ಕೇಳತಿತ್ತು.

ಸಾವ್ಕಾರರು ಶಬ್ದ ಕಡಿಮೆ ಮಾಡಲು ಸಾಕಷ್ಟು ಖರ್ಚು ಮಾಡಿದ್ದಾರಂತೆ.

ಮಾಡ್ಯಾರ್ರಿ, ಇಲ್ಲ ಅನ್ನೂದಿಲ್ಲ. ಮೊದಲ ಹಾಡಿನ ವಾಲ್ಯೂಮ್ ಏರಿಸಿದ್ರು. ಆಮ್ಯಾಲ ಬಾಗಲದ ರಬ್ಬರ ಬದಲಿ ಮಾಡಿಸಿದ್ರು. ‘ಬೇರಿಂಗ್ ಹೋಗೇತಿ’ ಅಂತ ಒಬ್ಬ ಹೇಳಿದ, ಹಾಕಿಸಿದ್ರು. ಹಳೇ ಬೇರಿಂಗ್ ಚಲೋನ ಇತ್ತು ಪಾಪ, ಮಾತಾಡಲಿಕ್ಕೆ ಬರೂದಿಲ್ಲ ಅದಕ್ಕ. ಆಮ್ಯಾಲ ಬೆಳಗಾವಿಗೆ ಹೋಗಿ ನಾಕೂ ಬಾಗಲ ಬಿಚ್ಚಿಸಿ ಡ್ಯಾಂಪಿಂಗ್ ಶೀಟ್ ಹಚ್ಚಿಸ್ಕೊಂಡು ಬಂದ್ರು. ಬಾಗಲ ಹಾಕಿದರ ಈಗ ಬ್ಯಾಂಕಿನ ತಿಜೋರಿ ಮುಚ್ಚಿದಂಗ ‘ಧಪ್’ ಅಂತೈತಿ, ಬಂದವ್ರಿಗೆಲ್ಲಾ ತಗದು ಹಾಕಿ ತೋರಸ್ತಾರ. ಆದರ ನಾ ಇರೂದು ಬಾಗಲದಾಗ ಅಲ್ಲರೀ! ನನ್ನ ದನಿ ಏರೂದು ಗಾಲಿ ಮ್ಯಾಲಿನ ಕಮಾನಿನಿಂದ, ಡಿಕ್ಕಿಯ ತಳದಿಂದ. ಅಲ್ಲಿ ಯಾರೂ ಕೈ ಹಚ್ಚಲಿಲ್ಲ, ಯಾಕಂದರ ಅಲ್ಲಿ ಹಚ್ಚಿದ್ದು ಬಂದವ್ರಿಗೆ ಕಾಣೂದಿಲ್ಲ.

ಮಗ್ಗಲ ಮನಿಯವ್ರು ಅಗಲ ಟೈರ್ ಹಾಕಿಸ್ಯಾರಂತ ಈಗ ಅದೂ ತಲ್ಯಾಗ ಹೊಕ್ಕೈತಿ. ಕಬ್ಬಿನ ಬಿಲ್ ಬಂದ ಮ್ಯಾಲ ಹಾಕಿಸೂದಂತ. ಟೈರ್ ಅಗಲ ಆದಷ್ಟೂ ಸಪ್ಪಳ ಹೆಚ್ಚು, ಕಡಿಮಿ ಅಲ್ಲ. ಆದರೂ ನಾ ಚಿಂತಿ ಮಾಡೂದಿಲ್ಲ. ಕಬ್ಬು ಕೊಟ್ಟ 14 ದಿನದಾಗ ರೊಕ್ಕ ಕೊಡಬೇಕಂತ 1966ರ ಕಬ್ಬು ನಿಯಂತ್ರಣ ಆದೇಶದಾಗ ಬರದೈತಿ. ಬರದೈತಿ ಅಷ್ಟ. ನಾ ಇನ್ನೂ ಭಾಳ ದಿನ ಇರತೇನಿ.

ಇಷ್ಟೆಲ್ಲ ಮಾಡಿದವರು ಮಾಡದೇ ಬಿಟ್ಟಿದ್ದು ಏನು?

ಹವಾ ನೋಡಲಿಲ್ಲ. ಎಷ್ಟು ಹವಾ ಬೇಕಂತ ಡ್ರೈವರ್ ಬಾಗಲದ ಚೌಕಟ್ಟಿಗೆ ಚೀಟಿ ಹಚ್ಚಿರತಾರ. ಡ್ಯಾಂಪಿಂಗ್ ಶೀಟ್ ಹಚ್ಚಾಕ ಅದ ಬಾಗಲ ಬಿಚ್ಚಿದ್ರು, ಚೀಟಿ ಓದಲಿಲ್ಲ. ‘ಅಂದಾಜಿಲೆ ಹೊಡಿ’ ಅನ್ನೂದು ನಮ್ಮ ಕಡಿ ರಿವಾಜು. ಹೆಚ್ಚಾದರ ನಾ ಕಲ್ಲಾಗತೇನಿ, ನಡುವ ಸವೀತೇನಿ. ಕಡಿಮಿ ಆದರ ಎರಡೂ ಅಂಚು ಸವೀತಾವ. ಒಂದ ಸಲ ನೈಟ್ರೋಜನ್ ಹಾಕಿಸಿದ್ರು, ಸಪ್ಪಳ ಹೋಗತೈತಿ ಅಂತ ಯಾರೋ ಹೇಳಿದ್ದಕ್ಕ. ಪುಗಸಟ್ಟೆ ಸಿಗೂ ಹವಾದಾಗ ನೂರಕ್ಕ 78 ಪಾಲು ನೈಟ್ರೋಜನ್ನೇ ಐತಿ. ಉಳದ 22 ಪಾಲಿಗೆ ರೊಕ್ಕ ಕೊಟ್ಟು ಬಂದ್ರು.

ಇಲ್ಲಿ ಕೈ ಆಡಸ್ರಿ. ಮುಂದಕ್ಕ ಸವರಿದರ ನುಣ್ಣಗ, ಹಿಂದಕ್ಕ ಸವರಿದರ ಗರಗಸ. ತಿಳೀತೇನ್ರಿ? ಯಾವುದೋ ಗುಂಡ್ಯಾಗ ಬಿದ್ದು ಗಾಲಿ ಸೊಟ್ಟಾಗೇತಿ, ಅಲೈನ್‌ಮೆಂಟ್ ಮಾಡಿಸಿಲ್ಲ. ಎಂಟ ಹತ್ತ ಸಾವಿರ ಕಿಲೋಮೀಟರಿಗೊಮ್ಮೆ ಹಿಂದಿನ ಗಾಲಿ ಮುಂದ, ಮುಂದಿಂದು ಹಿಂದ ಮಾಡಬೇಕು, ಅದನ್ನೂ ಮಾಡಿಲ್ಲ. ತಂದಾಗಿಂದ ನಾ ಇದ ಮೂಲ್ಯಾಗ ಅದೇನಿ. ನಾ ಒದರಾಕತ್ತಿದ್ದು ಇದನ್ನ. ಅವರು ತಿಳಕೊಂಡಿದ್ದು ನನಗ ರೋಗ ಅಂತ.

ಬೇರಿಂಗ್ ಶಬ್ದವೋ ಟೈರಿನ ಶಬ್ದವೋ ಎಂದು ಓದುಗರು ಗುರುತಿಸುವುದು ಹೇಗೆ?

ಚಲೋ ರೋಡ್ ಬಂದ ಕೂಡಲೆ ಸಪ್ಪಳ ಇಳೀತೈತಿ, ಕೆಟ್ಟ ರೋಡಿಗೆ ಏರತೈತಿ ಅಂದರ ಅದು ನಾನ. ಎಲ್ಲಾ ರೋಡಿಗೂ ಒಂದ ನಮೂನಿ ಗುರ್ ಅಂತಿದ್ದು, ತಿರುವಿನಾಗ ಒಂದು ಕಡೆ ಹೊಳ್ಳಿದಾಗ ಹೆಚ್ಚು, ಇನ್ನೊಂದು ಕಡೆ ಹೊಳ್ಳಿದಾಗ ಕಡಿಮಿ ಆದರ ಬೇರಿಂಗ್ ಮ್ಯಾಲ ಸಂಶಯ ಪಡ್ರಿ. ಇನ್ನೂ ತಿಳೀಲಿಲ್ಲಂದರ ಹಿಂದಿನ ಗಾಲಿ ಮುಂದ ಹಾಕಿ ಓಡಸ್ರಿ. ಸಪ್ಪಳಾನೂ ಮುಂದ ಬಂತೋ, ಕಳ್ಳ ನಾನ. ಇದಕ್ಕ ಬೆಳಗಾವಿಗೆ ಹೋಗೂದೇನೂ ಬ್ಯಾಡ. ಜ್ಯಾಕ್ ಒಂದು, ಪಾನಾ ಒಂದು, ಅರ್ಧ ತಾಸು.

ಸರ್ಕಾರ ಟೈರಿನ ಸದ್ದಿಗೆ ಮಿತಿ ಹಾಕಿದೆಯಲ್ಲ?

ಹಾಕೇತ್ರಿ, ಎಐಎಸ್-142 ಅಂತ. 2022ರ ಅಕ್ಟೋಬರ್‌ದಿಂದ ಹೊಸ ವಿನ್ಯಾಸದ ಟೈರುಗಳಿಗೆ ಶುರು ಆತು. ಹಸಿ ರೋಡಿನ ಮ್ಯಾಲಿನ ಹಿಡಿತ, ಉರುಳಾಕ ಬೇಕಾಗೂ ತ್ರಾಸು, ಉರುಳಿದಾಗಿನ ಸಪ್ಪಳ, ಮೂರೂ ನೋಡತಾರ. ಆದರ ಪರೀಕ್ಷೆ ನಡಿಯೂದು ಹೆಂಗ? ಅಳತಿ ಮಾಡಿ ಹಾಕಿದ ಚೆಂದನ ರೋಡ್. ಇಂಜಿನ್ ಬಂದ್ ಮಾಡಿ ಗಾಡಿ ಉರುಳಿ ಬಿಡತಾರ. ಮೈಕ್ ಎಲ್ಲಿ? ನಡುವಿನ ಗೆರಿಯಿಂದ ಏಳೂವರಿ ಮೀಟರ್ ದೂರ, ರೋಡಿನ ಬದಿಗೆ! ಅಂದರ ಅಲ್ಲಿ ಕುರಿ ಕಾಯೂ ಮುದುಕಗ ಎಷ್ಟು ಕೇಳತೈತಿ ಅನ್ನೂದಕ್ಕ ಮಿತಿ ಐತಿ. ಒಳಗ ಕುಂತ ಸಾವ್ಕಾರಗ ಎಷ್ಟು ಕೇಳತೈತಿ ಅನ್ನೂದಕ್ಕಲ್ಲ. ಇದರಾಗ ಸರ್ಕಾರ ಕಾರ್ ಇಲ್ಲದವನ ಕಿವಿ ನೋಡೇತಿ. ನನಗೇನೂ ತಕರಾರಿಲ್ಲ.

ಶಬ್ದವೇ ಇಲ್ಲದ ಟೈರುಗಳೂ ಬಂದಿವೆ ಅಂತ ಕೇಳಿದ್ದೇವೆ.

ಇಲ್ಲದ ಅಲ್ರಿ, ಕಡಿಮಿ ಇರೂವು. ಹೊಟ್ಟ್ಯಾಗ ಫೋಮಿನ ಗಾದಿ ಅಂಟಿಸಿರತಾರ, ಆ ಗುಂಯ್ ಅನ್ನೂದನ್ನ ಅದು ನುಂಗತೈತಿ. ದೊಡ್ಡ ಕಾರಿನವ್ರ ಚಾಳಿ ಅದು. ಕರೆಂಟಿನ ಕಾರಿಗೂ ಹಾಕ್ತಾರ, ಅದರಾಗ ಇಂಜಿನ್ ಸಪ್ಪಳನ ಇಲ್ಲಲ್ಲ, ನಮ್ಮದ ಒಂದ ಕಚೇರಿ. ಅಂಥಾದ್ದು ಈ ಅಂಗಡಿಗೆ ಪಂಕ್ಚರಿಗೆ ಬಂದರ ಏನಾಗತೈತಿ ಗೊತ್ತೇನ್ರಿ? ಹುಡುಗ ಬಿಚ್ಚಿ ನೋಡಿ, ‘ಯಾರೋ ಒಳಗ ಹಾಸಿಗಿ ಮರತಾರ’ ಅಂತ ಕಿತ್ತು ಒಗೀತಾನ.

ನಿಮ್ಮ ಮಾತಿನಲ್ಲಿ ಸ್ವಲ್ಪ ಅಸೂಯೆ ಇದ್ದಂತಿದೆ.

ಅಸೂಯೆ ಇದ್ದರ ಅದು ಚಪ್ಪಲಿ ಮ್ಯಾಲ. ಈ ಊರಾಗ ಯಾವ ಓಣ್ಯಾಗ ಹೋದರೂ ಕೊಲ್ಹಾಪುರಿ ಚಪ್ಪಲಿ ಹೊಲೀತಾರ. 2019ರಾಗ ಭೌಗೋಳಿಕ ಗುರುತು ಸಿಕ್ಕಾಗ ಮಹಾರಾಷ್ಟ್ರದ ನಾಕು ಜಿಲ್ಲಾ, ನಮ್ಮ ನಾಕು ಜಿಲ್ಲಾ ಸೇರಿ ಹಂಚಿಕೊಂಡುವು. ಆ ಚಪ್ಪಲಿ ಹಾಕ್ಕೊಂಡು ನಡದರ ಕರ್‌ಕರ್ ಅನಬೇಕು. ಅನಲಿಲ್ಲಂದರ ಗಿರಾಕಿ ವಾಪಸ್ ತರತಾನ! ಅಟ್ಟಿ ಪದರಿನಾಗ ಬೀಜ ಇಟ್ಟು ಸಪ್ಪಳ ಬರಸೂವಂಥಾ ಜಾಣರಿದ್ದಾರ. 2025ರ ಜೂನ್‌ದಾಗ ಮಿಲಾನಿನ ಫ್ಯಾಷನ್ ಶೋನಾಗ ಪ್ರಾಡಾ ಕಂಪನಿಯವ್ರು ಅದ ನಮೂನಿ ಚಪ್ಪಲಿ ತೋರಿಸಿದಾಗ ಇಲ್ಲಿಂದ ಕೊಲ್ಹಾಪುರದ ತನಕ ಗದ್ದಲ ಎದ್ದಿತು. ಆ ಗದ್ದಲಕ್ಕ ಯಾರೂ ಡ್ಯಾಂಪಿಂಗ್ ಶೀಟ್ ಹಚ್ಚಲಿಲ್ಲ. ಕಬ್ಬಿನ ಟ್ರ್ಯಾಕ್ಟರ್ ನೋಡ್ರಿ, ನಡುರಾತ್ರ್ಯಾಗ ಡಬ್ಬಿ ಕಟ್ಟಿ ಎದಿ ನಡಗೂವಂಗ ಹಾಡು ಹಚ್ಚಿರತಾರ. ನಮ್ಮ ಸಾವ್ಕಾರ್ರು ಅದರ ಹಿಂದ ಗಾಡಿ ಹೊಡಕೋತ ಸ್ಟೇರಿಂಗಿಗೆ ತಾಳ ಹಾಕ್ತಾರ. ಓವರ್‌ಟೇಕ್ ಮಾಡಿದ ಕೂಡಲೆ ಶುರು: ‘ಈ ಟೈರಿನ ಕಾಟ ತಡಿಯಾಕ ಆಗವಲ್ದು.’

ನಿವೃತ್ತಿ ಯಾವಾಗ?

ಮೈಮ್ಯಾಲಿನ ಕಚ್ಚು 1.6 ಮಿಲಿಮೀಟರಿಗೆ ಇಳದರ ಕಾಯ್ದೆ ಪ್ರಕಾರ ಕಾರಿಗೆ ನಾ ಉಪಯೋಗಿಲ್ಲ. ನನ್ನ ಹುಟ್ಟಿದ ವಾರ, ವರ್ಷ ಎರಡೂ ಇಲ್ಲೇ ಮಗ್ಗಲಿಗೆ ನಾಕ ಅಂಕಿಯೊಳಗ ಬರದಾರ. ಯಾರೂ ಓದಿಲ್ಲ, ಅದು ಬಿಡ್ರಿ. ಆಮ್ಯಾಲ ಯಾವುದರ ಬಣವಿ ಮ್ಯಾಲ ತಾಡಪತ್ರಿ ಹಾರದಂಗ ಕುಂದ್ರಸ್ತಾರ. ತಣ್ಣಗ ಇರತೇನಿ.

ಅಷ್ಟರಲ್ಲಿ ಸಾವ್ಕಾರರು ಬಂದರು. ಟೈರು ಸುಮ್ಮನಾಯಿತು. ಅಂಗಡಿಯ ಹುಡುಗ ಪಂಕ್ಚರ್ ಹಾಕಿ ಗಾಲಿಯನ್ನು ಮತ್ತೆ ಹಿಂದಿನ ಎಡಗಡೆಗೇ ಕೂರಿಸಿ, ನಟ್ ಬಿಗಿದು, ಹವಾದ ಪೈಪು ಹಿಡಿದು ಕೇಳಿದ:

“ಎಷ್ಟ್ ಹೊಡೀಲ್ರಿ ಸಾವ್ಕಾರ್ರ?”

ಸಾವ್ಕಾರರು ಡ್ರೈವರ್ ಬಾಗಿಲು ತೆರೆದರು. ಚೀಟಿ ಅವರ ಮೊಣಕೈಯ ಪಕ್ಕದಲ್ಲೇ ಇತ್ತು. ಬಾಗಿಲನ್ನು ಒಮ್ಮೆ ‘ಧಪ್’ ಎಂದು ಹಾಕಿ, ಮತ್ತೆ ತೆರೆದು, ನಮ್ಮ ಕಡೆ ಹೆಮ್ಮೆಯಿಂದ ನೋಡಿ ಹೇಳಿದರು:

“ಹೊಡಿ ಒಂದ್ ನಲವತ್ತ. ದೂರ ಹೋಗೂದೈತಿ.”