ಹಾನ್ಲೆಯ ಕತ್ತಲು

ರಾಯರೇ, ಒಂದು ನಿಮಿಷ ಕಾಂಪೌಂಡಿನ ಹತ್ತಿರ ಬನ್ನಿ. ನಿಮ್ಮ ಹುಡುಗ ಕ್ಯಾಮೆರಾ ಹೆಗಲಿಗೇರಿಸಿ ಲಡಾಖಿಗೆ ಹೊರಟಿದ್ದಾನಂತಲ್ಲ! ಕೇಳಿ ಬಹಳ ಖುಷಿಯಾಯ್ತು. ಆ ದಾರಿ ಸುತ್ತಿ ಬಂದವನು ನಾನು. ನನ್ನ ನಾಲ್ಕು ಮಾತು ಅವನ ಕಿವಿಗೆ ಹಾಕಿ.

ಖರ್ದುಂಗ್ ಲಾ ಬೋರ್ಡಿನ ಮುಂದೆ ಎಲ್ಲರೂ ಫೋಟೊ ತೆಗೆಸಿಕೊಳ್ತಾರೆ, ಇವನೂ ತೆಗೆಸಿಕೊಳ್ಳಲಿ. ಆದರೆ ಅಲ್ಲಿಂದಲೇ ತಿರುಗಿ ಬರೋದು ಬೇಡ. ಸಿಂಧೂ ನದಿಯ ದಡ ಹಿಡಿದು ಉಪ್ಶಿ, ಬಿಸಿನೀರಿನ ಬುಗ್ಗೆಗಳ ಚುಮಾಥಾಂಗ್ ದಾಟಿ ಹಾನ್ಲೆಗೆ ಹೋಗಲಿ. ಲೇಹ್ ಇರೋದೇ 3,500 ಮೀಟರ್ ಎತ್ತರದಲ್ಲಿ, ಹಾನ್ಲೆ ಅದಕ್ಕಿಂತ ಸಾವಿರ ಮೀಟರ್ ಹತ್ತಿರ ಹತ್ತಿರ ಮೇಲೆ. ಅಷ್ಟೆತ್ತರದಲ್ಲಿ ಗಾಳಿ ತೀರಾ ತೆಳು. ಲೇಹ್‌ನಲ್ಲಿ ಎರಡು ದಿನ ಸುಮ್ಮನೆ ಕೂತು ಮೈ ಒಗ್ಗಿಸಿಕೊಳ್ಳದೆ ಹೊರಡೋದು ಖಂಡಿತ ಬೇಡ.

ಚಳಿಗೆ ಬ್ಯಾಟರಿ ಬೇಗ ಇಳಿಯುತ್ತೆ, ಅಂಗಿಯ ಒಳಜೇಬಲ್ಲಿ ಬೆಚ್ಚಗಿಟ್ಟುಕೊಳ್ಳಲಿ. ರಾತ್ರಿಯೆಲ್ಲ ಹೊರಗಿದ್ದ ಕ್ಯಾಮೆರಾನ ನೇರವಾಗಿ ಬೆಚ್ಚಗಿನ ಕೋಣೆಗೆ ತಂದರೆ ಲೆನ್ಸ್ ಬೆವರುತ್ತೆ. ಹೊರಗೇ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಒಳಗೆ ತರಬೇಕು.

ಹಾನ್ಲೆಯ ಗುಡ್ಡದ ಮೇಲೆ ನಮ್ಮ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ದೂರದರ್ಶಕವಿದೆ, ಎರಡು ಮೀಟರ್ ಕನ್ನಡಿಯದು. ಅದನ್ನ ಉಪಗ್ರಹದ ಮೂಲಕ ನಡೆಸೋದು ಎಲ್ಲಿಂದ ಗೊತ್ತೆ? ಇಲ್ಲೇ, ನಮ್ಮ ಹೊಸಕೋಟೆಯಿಂದ! 2022ರಲ್ಲಿ ಆ ಸುತ್ತಿನ ಊರುಗಳನ್ನ ಕತ್ತಲ ಆಕಾಶದ ಸಂರಕ್ಷಿತ ತಾಣ ಅಂತ ಘೋಷಿಸಿದರು. ಅಲ್ಲಿನವರು ಕಿಟಕಿಗೆ ದಪ್ಪ ಪರದೆ ಬಿಟ್ಟು ತಮ್ಮ ದೀಪ ತಾವೇ ಮರೆಮಾಡಿಕೊಳ್ತಾರೆ. ಹಾಗಾಗಿಯೇ ಚಂದ್ರನಿಲ್ಲದ ರಾತ್ರಿ ಆಕಾಶಗಂಗೆ ಬೆಟ್ಟದಿಂದ ಬೆಟ್ಟಕ್ಕೆ ಕಮಾನು ಕಟ್ಟಿದ್ದು ಬರಿಗಣ್ಣಿಗೇ ಕಾಣುತ್ತೆ. ಅದನ್ನು ಮೊದಲು ಕಂಡಾಗ ಶಟರ್ ಒತ್ತೋದನ್ನೇ ಮರೆತು ನಿಂತಿದ್ದೆ ನಾನು.

ಎರಡನೇ ರಾತ್ರಿ ಸ್ಟ್ಯಾಂಡಿಗೆ ಕ್ಯಾಮೆರಾ ಹಾಕಿ, ಇಪ್ಪತ್ತು ಸೆಕೆಂಡು ಶಟರ್ ತೆರೆದಿಟ್ಟಿದ್ದೆ. ಯಾರೋ ಪ್ರವಾಸಿಗರು ಹೆಡ್‌ಲೈಟು ಪೂರ್ತಿ ಉರಿಸಿಕೊಂಡು ಬಂದರು. ಚಿತ್ರವೆಲ್ಲ ಬೆಳ್ಳಗಾಯಿತು. ನನ್ನ ಚಿತ್ರ ಹೋದರೆ ಹೋಗಲಿ, ಗುಡ್ಡದ ಮೇಲೆ ಎಷ್ಟೋ ಜ್ಯೋತಿರ್ವರ್ಷ ದೂರದ ಮಿಣುಕು ಬೆಳಕಿಗಾಗಿ ಕಾದಿರುವ ಕಣ್ಣೊಂದಿದೆಯಲ್ಲ, ಅದಕ್ಕೂ ಬೆಳಕೇ ಶತ್ರು. ಅದು ನನ್ನನ್ನ ಬಹಳ ನೋಯಿಸಿತು.

ನಿಮ್ಮ ಹುಡುಗನಿಗೆ ಹೇಳಿ ರಾಯರೇ, ಹೊತ್ತು ಮುಳುಗೋ ಮುಂಚೆ ಹಾನ್ಲೆ ಸೇರಿಬಿಡಲಿ. ಆಮೇಲೆ ಬೆಳಗಾಗೋವರೆಗೆ ಗಾಡಿ ಹೊರಗೆ ತೆಗೆಯೋದು ಬೇಡ.